ಶುಭಕಾರ್ಯ ಇಲ್ಲದ ತಿಂಗಳುಗಳಲ್ಲಿ ಒಂದು ಪಿಎಚ್‌ಡಿ

ಈ ಪ್ರಕರಣದ ಸಂಶೋಧಕಿ ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಕೇಂದ್ರದ ಮನೆಯ ಹಿರಿ ಸೊಸೆ. ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದರು. ನಾನು ಪಕ್ಕದ ವಿಭಾಗದಲ್ಲಿ ಪಾಠ ಮಾಡುವವಳು. ಅವರ ಸಲಹಾ ಸಮಿತಿಯಲ್ಲಿ ನಾನಿರಲಿಲ್ಲ. ಅದಕ್ಕೇ ಇರಬೇಕು, ನನ್ನ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತಿದ್ದರು. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಊರು, ಮನೆಯ ವಿವರ, ಗುರುತು ಸಿಗುವಂಥ ಇನ್ನೂ ಕೆಲವು ಸಂಗತಿ ಬದಲಿಸಿದ್ದೇನೆ. ತಿಂಗಳುಗಳನ್ನು ಮಾತ್ರ ಬದಲಿಸಿಲ್ಲ. ಪ್ರಕರಣದ ತಿರುಳೇ ಆ ತಿಂಗಳುಗಳಲ್ಲಿದೆ.

ಮದುವೆಯಾದ ಸಂಶೋಧಕಿಯರಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: ಟೈಮ್ ಮ್ಯಾನೇಜ್ ಮಾಡು. ಈ ಮಾತಿನಿಂದ ಯಾರಿಗಾದರೂ ಉಪಯೋಗ ಆಗಿದ್ದನ್ನು ನಾನಂತೂ ನೋಡಿಲ್ಲ. ಈ ಮನೆಯಲ್ಲಿ ಕೆಲಸಕ್ಕೆ ಬಂದದ್ದು ಪಂಚಾಂಗ, ಮತ್ತು ಅದನ್ನು ಓದಲು ಬರುವ ಅತ್ತೆ.

ಹಿನ್ನೆಲೆ

ನೋಂದಣಿ ಆಗಿದ್ದು 2020ರ ಆರಂಭದಲ್ಲಿ, ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಸಮೇತ. ಕೋರ್ಸ್‌ವರ್ಕ್ ಕೊರೊನಾ ಕಾಲದಲ್ಲಿ ಬಹುಪಾಲು ಮೊಬೈಲಿನಲ್ಲೇ ಮುಗಿಯಿತು. ವಿಷಯ ಸ್ತ್ರೀಶಕ್ತಿ ಸಂಘಗಳು. 2000-01ರಲ್ಲಿ ಸರ್ಕಾರ ಶುರು ಮಾಡಿದ ಯೋಜನೆ ಅದು. ಹದಿನೈದಿಪ್ಪತ್ತು ಹೆಂಗಸರು ವಾರಕ್ಕೊಮ್ಮೆ ಸೇರಿ ಉಳಿತಾಯ ಕಟ್ಟುವುದು, ಅದರಲ್ಲೇ ಸಾಲ ಕೊಡುವುದು, ವಸೂಲಿ ಮಾಡುವುದು. ಹಳ್ಳಿಗಳಿಗೆ ಹೋಗಿ ಆ ಸಭೆಗಳಲ್ಲಿ ಕೂತು ನೋಟ್ಸ್ ಮಾಡುವ ಕೆಲಸ ಮದುವೆಗೆ ಮುಂಚೆಯೇ ಮುಗಿದಿತ್ತು. ಉಳಿದದ್ದು ಬರವಣಿಗೆ.

ದುಡ್ಡಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಫೆಲೋಶಿಪ್ ಎರಡು ವರ್ಷ ಜೆಆರ್‌ಎಫ್, ಆಮೇಲೆ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋಶಿಪ್), ಎಲ್ಲ ಸೇರಿ ಐದೇ ವರ್ಷ. ಎಸ್‌ಆರ್‌ಎಫ್ ಮೊತ್ತ 2023ರ ಜನವರಿಯಿಂದ ಅನ್ವಯವಾಗುವಂತೆ ತಿಂಗಳಿಗೆ 35,000 ರೂಪಾಯಿಯಿಂದ 42,000ಕ್ಕೆ ಏರಿತು. ಗಂಡನ ಮನೆಯವರು ಹೊಸ ಮನೆ ಕಟ್ಟಿಸುತ್ತಿದ್ದರು. ಸಾಲದ ಕಂತಿಗೆ ಈ ಹಣವೂ ಹೋಗುತ್ತಿತ್ತು. ಹಾಗಾಗಿ 'ಇನ್ನೂ ಓದ್ತಾನೇ ಇದಾಳಾ' ಅನ್ನುವ ಮಾತು ನೆಂಟರ ಬಾಯಲ್ಲಿ ಬರುತ್ತಿತ್ತೇ ಹೊರತು ಮನೆಯೊಳಗೆ ಬರುತ್ತಿರಲಿಲ್ಲ. ಮಾವ ನಿವೃತ್ತ ಮೇಷ್ಟ್ರು, ಗಂಡ ಸಹಕಾರ ಸಂಘದ ನೌಕರ. ಕೆಟ್ಟ ಮನೆಯೇನಲ್ಲ. ಇದನ್ನು ಮೊದಲೇ ಹೇಳುವುದು ಯಾಕೆಂದರೆ, ಇಂಥ ಪ್ರಕರಣ ಅಂದ ತಕ್ಷಣ ನಾವೆಲ್ಲ ಅತ್ತೆಯನ್ನೇ ದೂರಲು ತಯಾರಾಗಿ ಕೂತಿರುತ್ತೇವೆ.

ಮದುವೆ 2023ರ ಮೇ ತಿಂಗಳಲ್ಲಿ. ಜೂನ್ 19ಕ್ಕೆ ಆಷಾಢ ಶುರು. ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಅಂತ ಹುಡುಗಿಯನ್ನು ತವರಿಗೆ ಕಳಿಸಿದರು. ಆ ವರ್ಷ ಇನ್ನೊಂದು ವಿಶೇಷ ಇತ್ತು. ಆಷಾಢ ಮುಗಿದ ಮಾರನೇ ದಿನ, ಜುಲೈ 18ರಿಂದ ಅಧಿಕ ಶ್ರಾವಣ. ಅದು ಆಗಸ್ಟ್ 16ರವರೆಗೆ. ಅಂದರೆ ಸುಮಾರು ಎರಡು ತಿಂಗಳು ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಮುಂಜಿ ಇಲ್ಲ. ಕರೆಯಲು ಬರುವವರೂ ಇಲ್ಲ. ಆಕೆ ತವರಿನ ಮಹಡಿ ಕೋಣೆಯಲ್ಲಿ ಕೂತು ಎರಡು ಅಧ್ಯಾಯ ಬರೆದು ಮುಗಿಸಿದರು. ಮಾರ್ಗದರ್ಶಕರು ಖುಷಿಯಾದರು. 'ಮದುವೆ ಆದ್ಮೇಲೆ ಸ್ಪೀಡ್ ಜಾಸ್ತಿ ಆಯ್ತಲ್ಲಮ್ಮ' ಅಂದರಂತೆ. ಆ ವೇಗ ಎಲ್ಲಿಂದ ಬಂತು ಅಂತ ಆಗ ಯಾರೂ ಯೋಚಿಸಲಿಲ್ಲ.

ತೊಡಕು

ಅತ್ತೆ ಮನೆಗೆ ಬಂದು ನೆಲೆಯಾದ ಮೇಲೆ ಬರವಣಿಗೆ ನಿಂತುಹೋಯಿತು. ಪೂರ್ತಿ ನಿಂತಿತು ಅನ್ನುವುದಕ್ಕಿಂತ, ಪ್ರತಿ ವಾರ ಶುರುವಾಗಿ ಪ್ರತಿ ವಾರ ಕೈಬಿಟ್ಟುಹೋಗುತ್ತಿತ್ತು ಅನ್ನಬೇಕು. ಹಿರಿ ಸೊಸೆ ಅಂದರೆ ಹಬ್ಬದ ಅಡುಗೆಯಷ್ಟೇ ಅಲ್ಲ ಅಲ್ವಾ. ನಾಮಕರಣಕ್ಕೆ ಹೋಗಬೇಕು, ಸೀಮಂತಕ್ಕೆ ಹೋಗಬೇಕು, ಮದುವೆಗೆ ಹಿಂದಿನ ದಿನದ ವರಪೂಜೆಯಿಂದಲೇ ಇರಬೇಕು. ಹೋಗದಿದ್ದರೆ ಆಡಿಕೊಳ್ಳುವುದು ಸೊಸೆಯನ್ನಲ್ಲ, ಅತ್ತೆಯನ್ನು.

ವಿಶ್ವವಿದ್ಯಾಲಯದ ಕಡೆಯೂ ಕಟ್ಟಲೆ ಇದೆ. ಇವರಿಗೆ ಅನ್ವಯವಾಗುತ್ತಿದ್ದುದು 2016ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ. ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದೆ ಪ್ರಗತಿ ತೋರಿಸಬೇಕು. ಪ್ರಬಂಧ ಸಲ್ಲಿಸುವ ಮುಂಚೆ ವಿಭಾಗದ ಅಧ್ಯಾಪಕರು, ಉಳಿದ ಸಂಶೋಧಕರು ಎಲ್ಲರೆದುರು ಒಂದು ಮಂಡನೆ, ನಮ್ಮಲ್ಲಿ ಎಲ್ಲರೂ ಕೊಲೋಕ್ವಿಯಂ ಅನ್ನುವುದು ಅದನ್ನೇ. ಆಮೇಲೆ ಸಾಮ್ಯತೆ ಪರೀಕ್ಷೆ (ಬೇರೆ ಬರಹಗಳ ಜೊತೆ ಎಷ್ಟು ಹೋಲುತ್ತದೆ ಅಂತ ನೋಡುವುದು), ಸಲ್ಲಿಕೆ, ಮೌಲ್ಯಮಾಪನ, ಕೊನೆಗೆ ವೈವಾ ಅನ್ನುವ ಮೌಖಿಕ ಪರೀಕ್ಷೆ.

ನನಗೆ ಕಂಡ ನಿಜವಾದ ತೊಡಕು ಕೆಲಸದ ಹೊರೆಯಲ್ಲ, ದಿನಾಂಕಗಳ ಸ್ವಭಾವ. ಮನೆಯ ತಾರೀಖುಗಳು ಯುಗಾದಿಗೆ ಹೊಸ ಪಂಚಾಂಗ ಬಂದಾಗಲೇ ಗೊತ್ತಾಗಿರುತ್ತವೆ, ಅಲುಗಾಡುವುದಿಲ್ಲ. ವಿಭಾಗದ ತಾರೀಖುಗಳು ವಾರ ಮುಂಚೆ ವಾಟ್ಸಾಪ್ ಗ್ರೂಪಿನಲ್ಲಿ ಬರುತ್ತವೆ, ಹಿಂದಿನ ದಿನ ಬದಲಾಗುತ್ತವೆ. ಒಬ್ಬ ಸದಸ್ಯರಿಗೆ ಬೇರೆ ಕಡೆ ಪರೀಕ್ಷೆ ಕೆಲಸ ಬಂದರೆ ಸಾಕು. ಮನೆಯವರಿಗೆ ಇದು ಅರ್ಥವಾಗುವುದಿಲ್ಲ. ಅಷ್ಟು ಮುಖ್ಯವಾದದ್ದಾದರೆ ಮೊದಲೇ ಯಾಕೆ ಹೇಳುವುದಿಲ್ಲ ಅನ್ನುವುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಮಾಡಿ ನೋಡಿದ್ದು

ಮೊದಲು ಆಕೆ ಮಾಡಿದ್ದು ಎಲ್ಲರೂ ಮಾಡುವುದನ್ನೇ. ಎರಡೂ ಕಡೆ ಹೂಂ ಅನ್ನುವುದು. ಮನೆಯಲ್ಲಿ 'ಸುಮ್ನೆ ಒಂದು ಸೈನ್ ಹಾಕಿ ಬರ್ತೀನಿ', ವಿಭಾಗದಲ್ಲಿ 'ಹುಷಾರಿರಲಿಲ್ಲ ಸರ್'. ಬೆಳಗಿನ ನಾಲ್ಕಕ್ಕೆ ಎದ್ದು ಬರೆಯುವುದನ್ನೂ ಮಾಡಿದರು. ಅದು ಕಾರ್ತಿಕದ ಚಳಿ ಬರುವವರೆಗೆ ನಡೆಯಿತು.

2024ರ ಶ್ರಾವಣದಲ್ಲಿ ಈ ಹೂಂಗಳೆಲ್ಲ ಒಟ್ಟಿಗೆ ಕೈಕೊಟ್ಟವು. ಅದು ಮಂಗಳಗೌರಿ ವ್ರತದ ಎರಡನೇ ವರ್ಷ. ಮದುವೆಯಾದ ಹೆಣ್ಣುಮಕ್ಕಳು ಐದು ವರ್ಷ, ಶ್ರಾವಣದ ಮಂಗಳವಾರಗಳಲ್ಲಿ ಮಾಡುವ ವ್ರತ. ಇವರ ಪದ್ಧತಿಯಲ್ಲಿ ಮೊದಲ ವರ್ಷ ತವರಿನಲ್ಲಿ, ಎರಡನೆಯದರಿಂದ ಗಂಡನ ಮನೆಯಲ್ಲಿ. ಅತ್ತೆ ಮನೆಯ ಮೊದಲ ವ್ರತ ಅಂತ ಬೀದಿಯ ಮುತ್ತೈದೆಯರನ್ನೆಲ್ಲ ಕರೆದಿದ್ದರು. ಆರು ತಿಂಗಳ ಪ್ರಗತಿ ಸಭೆ ಬಿದ್ದದ್ದೂ ಎರಡನೇ ಮಂಗಳವಾರವೇ, ಬೆಳಿಗ್ಗೆ 11ಕ್ಕೆ. ಬಸ್ಸಿನಲ್ಲಿ ಒಂದೂವರೆ ಗಂಟೆ ದಾರಿ.

ಆಕೆ ಮನೆಯಲ್ಲಿ ಸಭೆ ಅಂತ ಹೇಳಲಿಲ್ಲ, ವಿಭಾಗದಲ್ಲಿ ವ್ರತ ಅಂತ ಹೇಳಲಿಲ್ಲ. ಐದೂವರೆಗೇ ಪೂಜೆಗೆ ಕೂತರು. ಹದಿನಾರು ತಂಬಿಟ್ಟಿನ ದೀಪ ಹಚ್ಚಿ, ಅವುಗಳ ಮೇಲೆ ತುಪ್ಪ ಸವರಿದ ಕತ್ತಿ ಹಿಡಿದು ಕಾಡಿಗೆ ಕಟ್ಟಿಸಬೇಕು. ಕಥೆ ಓದಿ ಮುಗಿಯುವಷ್ಟು ಹೊತ್ತು ಕತ್ತಿ ದೀಪದ ಮೇಲಿರಬೇಕು. ಆವತ್ತು ಅತ್ತೆ ಕಥೆ ಓದುತ್ತಿದ್ದರೆ ಸೊಸೆ ಒಂದು ಕೈಯಲ್ಲಿ ಕತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸೆರಗಿನ ಮರೆಯಲ್ಲಿ ಮೊಬೈಲ್ ಹಿಡಿದು ಸ್ಲೈಡ್ ತಿದ್ದುತ್ತಿದ್ದರು. ಬೆರಳು ಸುಟ್ಟುಕೊಂಡರು. ಕಾಡಿಗೆ ಸರಿಯಾಗಿ ಕಟ್ಟಲಿಲ್ಲ. ಹತ್ತು ಗಂಟೆಗೆ ಮುತ್ತೈದೆಯರು ಬಾಗಿನಕ್ಕೆ ಬಂದಾಗ ವ್ರತದ ಸೊಸೆಯೇ ಮನೆಯಲ್ಲಿ ಇರಲಿಲ್ಲ. ಅತ್ತೆ ತಾವೇ ಬಾಗಿನ ಕೊಟ್ಟು ಕಳಿಸಿದರು.

ಅತ್ತ ಸಭೆಗೂ ತಡವಾಯಿತು. ವರದಿಯ ಪ್ರತಿ ಮೊದಲೇ ಕಳಿಸಿರಲಿಲ್ಲ. ಹಿಂದಿನ ಸಲ ತೋರಿಸಿದ ಎರಡು ಅಧ್ಯಾಯವನ್ನೇ ಮತ್ತೆ ತೋರಿಸಿದರು. ಸಮಿತಿ 'ಪ್ರಗತಿ ತೃಪ್ತಿಕರವಾಗಿಲ್ಲ' ಅಂತ ಬರೆಯಿತು. ಇದು ಸಣ್ಣ ಮಾತಲ್ಲ. ಸಮಿತಿ ಕಾರಣ ದಾಖಲಿಸಿ ಸರಿಪಡಿಸುವ ದಾರಿ ಸೂಚಿಸುತ್ತದೆ. ಅದೂ ಆಗದಿದ್ದರೆ ನೋಂದಣಿ ರದ್ದಿಗೆ ಶಿಫಾರಸು ಮಾಡಬಹುದು.

ತಿರುವು

ಅದೇ ವಾರ ನನ್ನ ಕೋಣೆಗೆ ಬಂದರು. ಕೈಬೆರಳಿಗೆ ಬ್ಯಾಂಡೇಜ್. ಬಿಟ್ಟುಬಿಡುವ ಯೋಚನೆಯಲ್ಲಿದ್ದರು. ನಾನು ಸಮಾಧಾನದ ಮಾತು ಹೇಳುವುದು ಬಿಟ್ಟು ಕೇಳಿದ್ದು ಒಂದೇ: ಬರೆದಿರುವ ಎರಡು ಅಧ್ಯಾಯ ಯಾವಾಗ ಬರೆದದ್ದು? 'ತವರಲ್ಲಿ ಮೇಡಂ, ಆಷಾಢದಲ್ಲಿ' ಅಂದರು. ಆಮೇಲೆ ತಾವೇ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಧಿಕ ಮಾಸನೂ ಇತ್ತು' ಅಂದರು.

ಮೊದಲು ಅವರ ತಲೆಯಲ್ಲಿ ಇದ್ದದ್ದು ತವರಲ್ಲಿ ಅಮ್ಮ ಕೆಲಸ ಮಾಡಿಸುವುದಿಲ್ಲ, ಅದಕ್ಕೇ ಆಯಿತು ಅಂತ. ಕೂತು ಲೆಕ್ಕ ಹಾಕಿದಾಗ ಅದು ಅರ್ಧ ಮಾತ್ರ ನಿಜ ಅನ್ನಿಸಿತು. ಮದುವೆಗೆ ಮುಂಚೆ ತವರಲ್ಲೇ ಇದ್ದಾಗ, ಮದುವೆ ಸೀಸನ್ನಿನಲ್ಲಿ ಒಂದು ಪುಟವೂ ಆಗಿರಲಿಲ್ಲ. ಅವರದೇ ಕ್ಷೇತ್ರಕಾರ್ಯದ ನೋಟ್ಸಿನಲ್ಲೂ ಇದಕ್ಕೆ ಹೊಂದುವ ಒಂದು ಸಂಗತಿ ಇತ್ತು. ಸಂಘದ ಹೆಂಗಸರು ಹಬ್ಬದ ವಾರ ಸಭೆ ಮುಂದಕ್ಕೆ ಹಾಕುತ್ತಾರೆ, ಆದರೆ ಹಿಂದಿನ ವಾರವೇ ಎಲ್ಲರೆದುರು ಹೇಳಿ ಪುಸ್ತಕದಲ್ಲಿ ಬರೆದುಬಿಡುತ್ತಾರೆ. ಕದ್ದುಮುಚ್ಚಿ ತಪ್ಪಿಸಿಕೊಂಡವರಿಗೆ ಮಾತ್ರ ದಂಡ. ಅದನ್ನು ನೋಟ್ಸ್ ಮಾಡಿಕೊಂಡು ಬಂದವರೇ ಮನೆಯಲ್ಲಿ ಕದ್ದುಮುಚ್ಚಿ ಮಾಡುತ್ತಿದ್ದರು!

ಮನೆಯಲ್ಲಿ ಹೇಳಿ ಅಂತ ನಾನು ಹೇಳಿದೆ. ಅವರಿಗೆ ಧೈರ್ಯ ಬರಲು ಇನ್ನೂ ಕೆಲವು ದಿನ ಬೇಕಾಯಿತು. ಗೌರಿ ಹಬ್ಬ ಕಳೆದ ಮೇಲೆ, ಒಂದು ಸಂಜೆ ಅತ್ತೆಯ ಮುಂದೆ ಸಮಿತಿಯ ಆ ಕಾಗದ ಇಟ್ಟರಂತೆ. ಅತ್ತೆಗೆ ಸಿಟ್ಟು ಬಂದದ್ದು ಕಾಗದ ನೋಡಿ ಅಲ್ಲ. 'ಮೀಟಿಂಗ್ ಇದೆ ಅಂತ ಒಂದ್ ಮಾತು ಹೇಳಿದ್ರೆ ಪೂಜೆ ಸಾಯಂಕಾಲಕ್ಕೆ ಇಟ್ಕೊಳ್ತಿದ್ವಲ್ಲಮ್ಮ. ಮುತ್ತೈದೇರ ಮುಂದೆ ನಾನು ಏನು ಹೇಳ್ಲಿ?' ಆಮೇಲೆ ಎಷ್ಟು ಕೆಲಸ ಉಳಿದಿದೆ ಅಂತ ಕೇಳಿದರು. ಮೂರು ಅಧ್ಯಾಯ ಅಂದಾಗ ಪಂಚಾಂಗ ತರಿಸಿ, ಮಾವನ ಕನ್ನಡಕ ಹಾಕಿಕೊಂಡು ಕೂತರು.

ಪಿತೃಪಕ್ಷ ಸೆಪ್ಟೆಂಬರ್ 18ರಿಂದ ಅಕ್ಟೋಬರ್ 2. ಒಂದು ದಿನ ಹಿರಿಯರಿಗೆ ಎಡೆ ಇಡುವುದು ಬಿಟ್ಟರೆ ಯಾರ ಮನೆಗೂ ಹೋಗುವ ಹಾಗಿಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ. ಬೆಳಗಿನ ಜಾವ ಹುಗ್ಗಿ ನೈವೇದ್ಯ ಮುಗಿದರೆ ದಿನ ಪೂರ್ತಿ ಬಿಡುವು. ಗೋಡೆಯ ಕ್ಯಾಲೆಂಡರಿನಲ್ಲಿ ಈ ದಿನಗಳ ಸುತ್ತ ಕೆಂಪು ಪೆನ್ನಿನಿಂದ ಗೆರೆ ಬಿತ್ತು. ಬದಲಿಗೆ ದೀಪಾವಳಿ ಮೂರು ದಿನ, ಮೈದುನನ ನಿಶ್ಚಿತಾರ್ಥ, ಗೃಹಪ್ರವೇಶದ ವಾರ, ಇವುಗಳಲ್ಲಿ ಲ್ಯಾಪ್‌ಟಾಪ್ ಮುಟ್ಟುವುದಿಲ್ಲ ಅಂತ ಸೊಸೆ ಒಪ್ಪಿಕೊಂಡರು. ಮಾತು ಎರಡೂ ಕಡೆಯಿಂದ ಆಯಿತು. ನನ್ನ ಪ್ರಕಾರ ಒಪ್ಪಂದ ಗಟ್ಟಿಯಾಗಿ ನಿಂತದ್ದು ಇದರಿಂದಲೇ.

ಒಂದು ವಿಷಯ ಮಾತ್ರ ಅವರು ಮನೆಯಲ್ಲಿ ಹೇಳಲಿಲ್ಲ. ಆರು ವರ್ಷದ ಗಡುವಿನ ಮೇಲೆ ಹೆಣ್ಣುಮಕ್ಕಳಿಗೆ ಇನ್ನೆರಡು ವರ್ಷದ ರಿಯಾಯಿತಿ ಇದೆ. ಹೆರಿಗೆ ಅಥವಾ ಮಗುವಿನ ಆರೈಕೆಗೆ 240 ದಿನದವರೆಗೆ ರಜೆಯೂ ಇದೆ. ಹೇಳಿದರೆ 'ಇನ್ನೂ ಟೈಮಿದೆಯಲ್ಲ' ಅಂತ ಆಗುತ್ತದೆ ಅನ್ನುವ ಭಯ. ಆ ಹೆಚ್ಚುವರಿ ವರ್ಷಗಳಿಗೆ ಫೆಲೋಶಿಪ್ ಬರುವುದಿಲ್ಲ ಅನ್ನುವುದನ್ನೂ ಸೇರಿಸಿ ಹೇಳಬಹುದಿತ್ತು ಅಂತ ನನ್ನ ಅಭಿಪ್ರಾಯ. ಅವರು ಒಪ್ಪಲಿಲ್ಲ. ಮನೆ ಅವರದು.

ಮುಂದೆ ಆದದ್ದು

ಪಿತೃಪಕ್ಷದಲ್ಲಿ ನಾಲ್ಕನೇ ಅಧ್ಯಾಯವಾದ ಸಾಲದ ವಸೂಲಿಯ ಭಾಗ ಮುಗಿಯಿತು. ದೀಪಾವಳಿ ಹೊತ್ತಿಗೆ ಉಳಿದೆರಡರ ಕರಡೂ ಸಿದ್ಧವಾಯಿತು. ಮಾರ್ಗದರ್ಶಕರು 2025ರ ಜನವರಿ ಕೊನೆಗೆ ನಿವೃತ್ತರಾಗುವವರಿದ್ದರು. ಫೆಲೋಶಿಪ್ಪಿನ ಐದು ವರ್ಷವೂ ಆಗಲೇ ಮುಗಿಯುತ್ತಿತ್ತು. ಆದ್ದರಿಂದ ವಿಭಾಗ ಕೊಲೋಕ್ವಿಯಂ ಡಿಸೆಂಬರ್ ಮೊದಲ ವಾರ ಇಡೋಣ ಅಂದಿತು. ಹೊಸ ಮನೆಯ ಗೃಹಪ್ರವೇಶದ ಮುಹೂರ್ತವೂ ಅದೇ ವಾರ. ಧನುರ್ಮಾಸ ಬಂದುಬಿಟ್ಟರೆ ಸಂಕ್ರಾಂತಿವರೆಗೆ ಒಕ್ಕಲಾಗುವ ಹಾಗಿಲ್ಲ, ಅಷ್ಟು ದಿನ ಬಾಡಿಗೆಯೂ ಕಂತೂ ಎರಡೂ ಕಟ್ಟಬೇಕು.

ಹಿಂದಿನ ಅಭ್ಯಾಸದಂತೆ ಆಗಿದ್ದರೆ ಆಕೆ ಎರಡಕ್ಕೂ ಹೂಂ ಅಂದು ಬರುತ್ತಿದ್ದರು. ಈ ಸಲ ಮಾರ್ಗದರ್ಶಕರ ಹತ್ತಿರ ಹೋಗಿ ಕಾರಣ ಹೇಳಿ, ಡಿಸೆಂಬರ್ ಕೊನೆಯ ವಾರ ಕೇಳಿದರು. 'ಗೃಹಪ್ರವೇಶಾನಾ? ಮೊದಲೇ ಹೇಳ್ಬಾರ್ದಾ' ಅಂದರು ಅವರು. ಡಿಸೆಂಬರ್ 27, ಶುಕ್ರವಾರ ಗೊತ್ತಾಯಿತು.

26ರ ರಾತ್ರಿ ಮಾಜಿ ಪ್ರಧಾನಿ ಮನಮೋಹನ ಸಿಂಗ್ ತೀರಿಕೊಂಡರು. 27ಕ್ಕೆ ರಾಜ್ಯ ಸರ್ಕಾರ ಶಾಲಾ ಕಾಲೇಜು, ಕಚೇರಿಗಳಿಗೆ ರಜೆ ಘೋಷಿಸಿತು. ಕೊಲೋಕ್ವಿಯಂ ಸೋಮವಾರಕ್ಕೆ, 30ಕ್ಕೆ ಹೋಯಿತು. ವಿಭಾಗದ ತಾರೀಖು ಹೇಗೆ ಜಾರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಆದರೆ ಧನುರ್ಮಾಸವಾದ್ದರಿಂದ ಮನೆಯಲ್ಲಿ ಯಾವುದೂ ಅಡ್ಡ ಬರಲಿಲ್ಲ. ಗೃಹಪ್ರವೇಶದ ಹಿಂದುಮುಂದಿನ ದಿನ ಇಟ್ಟುಕೊಂಡು ಹೀಗೆ ಜಾರಿದ್ದರೆ ಹೋಮದ ಮುಂದಿಂದ ಎದ್ದು ಓಡಬೇಕಿತ್ತು. 30 ಅಮಾವಾಸ್ಯೆ ಅಂತ ಮಾವ ಮುಖ ಹುಳ್ಳಗೆ ಮಾಡಿದರಂತೆ. 'ಅದೇನು ಮದುವೇನಾ' ಅಂದು ಅತ್ತೆ ಬಾಯಿ ಮುಚ್ಚಿಸಿದರು.

ಗೃಹಪ್ರವೇಶದ ಕಾರ್ಡಿನದೇ ಒಂದು ಕಥೆ. ಮಾವ ಹೆಮ್ಮೆಗೆ ಸೊಸೆಯ ಹೆಸರಿನ ಹಿಂದೆ 'ಡಾ.' ಅಂತ ಅಚ್ಚು ಹಾಕಿಸಿಬಿಟ್ಟಿದ್ದರು. ಆಗಿನ್ನೂ ಕೊಲೋಕ್ವಿಯಮ್ಮೇ ಆಗಿರಲಿಲ್ಲ. ವೈವಾ ಮುಗಿದು ವಿಶ್ವವಿದ್ಯಾಲಯ ಅಧಿಸೂಚನೆ ಹೊರಡಿಸುವವರೆಗೆ ಆ ಎರಡಕ್ಷರ ಹಾಕಿಕೊಳ್ಳುವ ಹಾಗಿಲ್ಲ. ಆ ಕಾರ್ಡು ಸಮಿತಿಯವರ ಕೈಗೆ ಹೋದರೆ? ಮತ್ತೆ ಅಚ್ಚು ಹಾಕಿಸಿ ಅಂದರೆ ಮುದುಕರ ಮನಸ್ಸು ನೋಯುತ್ತದೆ, ಖರ್ಚು ಬೇರೆ. ಕೊನೆಗೆ ಊರಿನ ನೆಂಟರಿಗೆ ಅಚ್ಚಿನ ಕಾರ್ಡೇ ಹೋಯಿತು. ವಿಭಾಗದವರಿಗೆ 'ಡಾ.' ತೆಗೆದ ಪ್ರತಿ ವಾಟ್ಸಾಪಿನಲ್ಲಿ ಹೋಯಿತು. ನಿಯಮ ಗೊತ್ತಿರುವವರು ಹುಬ್ಬು ಹಾರಿಸಬಹುದು. ಅಧಿಕೃತ ಕಾಗದದಲ್ಲಿ ಬಳಸದೇ ಇರುವವರೆಗೆ, ಒಬ್ಬ ಹಳೇ ಮೇಷ್ಟ್ರ ಸಂಭ್ರಮಕ್ಕೆ ಅಷ್ಟು ಜಾಗ ಬಿಟ್ಟದ್ದು ಸರಿಯೇ ಅಂತ ನನಗನ್ನಿಸುತ್ತದೆ.

2025ರ ಮಾರ್ಚ್‌ನಲ್ಲಿ ಪ್ರಬಂಧ ಸಲ್ಲಿಕೆಯಾಯಿತು. ಸಾಮ್ಯತೆ ಶೇಕಡಾ 10ರ ಒಳಗೇ ಇತ್ತು. ಮೌಲ್ಯಮಾಪನ ಆರು ತಿಂಗಳಲ್ಲಿ ಮುಗಿಯಬೇಕು ಅನ್ನುತ್ತದೆ ನಿಯಮ. ಇವರ ಅದೃಷ್ಟಕ್ಕೆ ಹೆಚ್ಚುಕಡಿಮೆ ಹಾಗೇ ಆಯಿತು. ಆದರೆ ಹೊರಗಿನ ಪರೀಕ್ಷಕರಿಗೆ ಬಿಡುವಿದ್ದದ್ದು ಸೆಪ್ಟೆಂಬರ್ ಎರಡನೇ ವಾರದಲ್ಲಿ. ಪಿತೃಪಕ್ಷ!

ಇಲ್ಲಿ ಅದೇ ಲೆಕ್ಕ ತಿರುಗಿ ಬಿತ್ತು. ಬಿಡುವಿನ ದಿನಗಳು ಕೆಲಸಕ್ಕೆ ಚೆನ್ನ, ಸಂಭ್ರಮಕ್ಕೆ ಅಲ್ಲ. ವೈವಾ ದಿನ ನಮ್ಮಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ, ಎಲ್ಲರಿಗೂ ಊಟ ಅಂತ ಒಂದು ರೂಢಿ ಬೆಳೆದುಬಿಟ್ಟಿದೆ. ಯಾವ ನಿಯಮದಲ್ಲೂ ಇದು ಇಲ್ಲ. ಸಾಲ ಮಾಡಿ ಮಾಡುವವರನ್ನೂ ನೋಡಿದ್ದೇನೆ, ಬೇಸರವಾಗುತ್ತದೆ. ಇವರ ಮನೆಯವರು ಪಿತೃಪಕ್ಷದಲ್ಲಿ ಸಿಹಿ ಹಂಚುವುದು ಬೇಡ ಅಂದದ್ದೇ ಒಳ್ಳೆಯದಾಯಿತು. ವಿಭಾಗದಲ್ಲಿ ಕಾಫಿ, ಖಾರದ ತಿಂಡಿ, ಅಷ್ಟೇ. ವೈವಾ ಎಲ್ಲರಿಗೂ ತೆರೆದಿರುವುದರಿಂದ ಅತ್ತೆ ಬಂದು ಹಿಂದಿನ ಸಾಲಿನಲ್ಲಿ ಕೂತರು. ಸಂಘದ ದಂಡದ ವಿಷಯ ಬಂದಾಗ ಪಕ್ಕದವರಿಗೆ ಪಿಸುಮಾತಿನಲ್ಲಿ ತಮ್ಮೂರ ಸಂಘದ ಲೆಕ್ಕ ಹೇಳುತ್ತಿದ್ದರು.

ಹಬ್ಬ ಮಾಡಿದ್ದು ಅಕ್ಟೋಬರಿನಲ್ಲಿ, ಬಲಿಪಾಡ್ಯಮಿ ದಿನ. ಅಷ್ಟರಲ್ಲಿ ಅಧಿಸೂಚನೆಯೂ ಬಂದಿತ್ತು. ತವರಿನವರು, ನಿವೃತ್ತ ಮಾರ್ಗದರ್ಶಕರು, ನಾವು ಕೆಲವರು ಹೊಸ ಮನೆಗೆ ಊಟಕ್ಕೆ ಹೋಗಿದ್ದೆವು. ಹೇಗೂ ಹಬ್ಬದ ಅಡುಗೆ ಆಗುತ್ತಿತ್ತು, ಎಲೆ ಹೆಚ್ಚು ಬಿತ್ತು, ಬೇರೆ ಖರ್ಚಿಲ್ಲ.

ಬೇರೆಯವರಿಗೆ ಎಷ್ಟು ಹೊಂದುತ್ತದೆ

ಇದನ್ನು ಕೇಳಿದ ಇನ್ನೊಬ್ಬ ಸಂಶೋಧಕಿ ತಮ್ಮ ಮನೆಯಲ್ಲಿ ಕ್ಯಾಲೆಂಡರ್ ಇಟ್ಟು ನೋಡಿದರು. ಅವರ ಅತ್ತೆ ಕೆಂಪು ಗೆರೆ ಹಾಕಿಸಿಕೊಂಡು, ಉಳಿದ ದಿನ ಪೂರ್ತಿ ಮನೆಗೇ ಅಂತ ಹಟ ಹಿಡಿದರಂತೆ. ಹಾಗಾಗಿ ಬಿಡುವಿನ ತಿಂಗಳು ಕೇಳುವ ಮುಂಚೆ ವಾರಕ್ಕೆ ಎರಡು ಮಾಮೂಲಿ ದಿನಗಳನ್ನು ಉಳಿಸಿಕೊಳ್ಳಬೇಕು. ಈ ಪ್ರಕರಣದಲ್ಲಿ ಬುಧವಾರ, ಗುರುವಾರ ಆಕೆ ಗ್ರಂಥಾಲಯಕ್ಕೆ ಹೋಗುವುದು ಮದುವೆ ಮಾತುಕತೆಯಲ್ಲೇ ತೀರ್ಮಾನವಾಗಿತ್ತು. ಗಂಡ ಅದನ್ನು ಒಂದು ಸಲವೂ ತಪ್ಪಿಸಲು ಬಿಡಲಿಲ್ಲ. ಅವರ ಪಾಲು ಇಲ್ಲಿ ಕಡಿಮೆ ಕಾಣುತ್ತದೆ, ಆದರೆ ಸಣ್ಣದಲ್ಲ.

ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಬೆಳೆಸುತ್ತಿರುವ ಕೋಶ ಆಷಾಢಕ್ಕೆ ಕಾಯುವುದಿಲ್ಲ. ಅಂಥವರು ಮಾತಾಡಬೇಕಾದದ್ದು ಮನೆಯವರಿಗಿಂತ ಮೊದಲು ಲ್ಯಾಬಿನ ಜೊತೆಗಾರರ ಹತ್ತಿರ. ದೀಪಾವಳಿ ವಾರ ನಾನು ಇರುವುದಿಲ್ಲ, ಕ್ರಿಸ್‌ಮಸ್ ವಾರ ನಿನ್ನದನ್ನು ನಾನು ನೋಡಿಕೊಳ್ಳುತ್ತೇನೆ ಅಂತ ಎರಡು ತಿಂಗಳು ಮುಂಚೆಯೇ ಮಾತಾಗಿದ್ದರೆ ಎರಡೂ ಹಬ್ಬ ನಡೆಯುತ್ತವೆ.